ನೂಲು ಉಕ್ಕನ್ನು ಸೋಲಿಸುವ ಬಗೆ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ನೇಯುವವರ ಕೈಗೆಟುಕುವಲ್ಲಿ ಒಂದು ಪುಟ್ಟ ಕತ್ತರಿಯೋ ಬ್ಲೇಡಿನ ತುಂಡೋ ಇದ್ದೇ ಇರುತ್ತದೆ; ಹಾಸಿನಲ್ಲಿ ಎಳೆ ಕಡಿದಾಗ ಗಂಟು ಹಾಕಿ, ಉಳಿದ ತುದಿಯನ್ನು ಸವರಿ ಹಾಕುವುದಕ್ಕೆ ಅದು ಮತ್ತೆ ಮತ್ತೆ ಬೇಕಾಗುತ್ತದೆ. ಒಂಟಿ ರೇಷ್ಮೆ ಎಳೆಯ ದಪ್ಪ 10ರಿಂದ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹತ್ತಿಪ್ಪತ್ತು ಪಾಲು. ಆ ಎಳೆಯನ್ನು ಉಕ್ಕಿನ ಮೇಲೆ ಎಷ್ಟು ತಿಕ್ಕಿದರೂ ಕಣ್ಣಿಗೆ ಕಾಣುವ ಗೀರು ಬೀಳುವುದಿಲ್ಲ. ಆದರೂ ದಿನಗಳು ಕಳೆದಂತೆ ಸೋಲುವುದು ಉಕ್ಕೇ: ಮೊದಲು ತಾಕಿದರೆ ಸಾಕು ತುಂಡಾಗುತ್ತಿದ್ದ ನೂಲು ಕ್ರಮೇಣ ಬ್ಲೇಡಿನ ಮೇಲೆ ಜಾರತೊಡಗುತ್ತದೆ. ಗಡ್ಡ ಹೆರೆಯುವ ಬ್ಲೇಡಿನ ಕಥೆಯೂ ಇದೇ ಆಗಿದ್ದು, ಮನುಷ್ಯನ ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು ಎಂದು ಅಳೆದು ಹೇಳಿದ್ದರೂ ಕೆಲವು ಸಲದ ಕ್ಷೌರಕ್ಕೆ ಬ್ಲೇಡು ಎಸೆಯುವ ಸ್ಥಿತಿಗೆ ಬರುತ್ತದೆ. ಮೆದುವಾದದ್ದು ಗಟ್ಟಿಯಾದದ್ದನ್ನು ಹೀಗೆ ಕೆಡಿಸುವುದು ಹೇಗೆ?

ಪ್ರಶ್ನೆ ಮಗ್ಗದ ಮನೆಯಲ್ಲಿ ಹುಟ್ಟಿದರೂ ಅದರ ಉತ್ತರ ಹೆಚ್ಚು ಉಪಯೋಗಕ್ಕೆ ಬರುವುದು ಜೇಬಿನಲ್ಲಿರುವ ಮಡಿಸುವ ಚಾಕುವಿನ ವಿಷಯದಲ್ಲಿ. ಈ ತಾಲ್ಲೂಕಿನಲ್ಲಿ ಅಂಥ ಒಂದು ಚಾಕು ಬೆಳಗಿನಿಂದ ಸಂಜೆಯೊಳಗೆ ಗೊಬ್ಬರದ ಚೀಲದ ಹೊಲಿಗೆ, ಸೆಣಬಿನ ಸುತಲಿ, ನೈಲಾನ್ ಹಗ್ಗ, ಹನಿ ನೀರಾವರಿಯ ಕರಿ ಪೈಪು, ದ್ರಾಕ್ಷಿ ಚಪ್ಪರದ ಕಟ್ಟು, ಹಿಪ್ಪುನೇರಳೆಯ ಎಳೆ ಕಡ್ಡಿ, ರಟ್ಟಿನ ಪೆಟ್ಟಿಗೆ, ಬುತ್ತಿಯ ಜೊತೆಗಿನ ಈರುಳ್ಳಿ, ಕಾಲ ಬಂದಾಗ ತೂಬಗೆರೆ ಕಡೆಯ ಹಲಸು, ಇಷ್ಟನ್ನೂ ಎದುರಿಸಬೇಕಾಗುತ್ತದೆ. ಇವುಗಳಲ್ಲಿ ಒಂದೂ ಉಕ್ಕಿಗಿಂತ ಗಟ್ಟಿಯಲ್ಲ. ಹೊಸ ಚಾಕುವಿಗೆ ಒಂದು ವಾರದ ಮಟ್ಟಿನ ಹರಿತವನ್ನು ಯಾವ ಕಾರ್ಖಾನೆಯಾದರೂ ಕೊಡಬಲ್ಲದು. ಎಂಟನೆಯ ದಿನ ಅದರ ಬಾಯಿ ಯಾವ ಬಗೆಯಲ್ಲಿ ಕೆಡುತ್ತದೆ, ಕೆಟ್ಟ ಮೇಲೆ ಎಷ್ಟು ಸುಲಭವಾಗಿ ಮರಳುತ್ತದೆ ಎಂಬುದನ್ನು ನೋಡಿ ಕೊಂಡವರು ಮಾತ್ರ ಮೋಸ ಹೋಗುವುದಿಲ್ಲ.

ಹರಿತ ಎಂದರೆ ಏನು

ಚಾಕುವಿನ ಉಕ್ಕಿನ ಹಾಳೆಯನ್ನು ಅಲಗು ಎಂದೂ, ಅದರ ಕತ್ತರಿಸುವ ಅಂಚನ್ನು ಬಾಯಿ ಎಂದೂ, ಎದುರಿನ ದಪ್ಪ ಬದಿಯನ್ನು ಬೆನ್ನು ಎಂದೂ ಕರೆಯುವುದು ರೂಢಿ. ಅಲಗಿನ ಎರಡು ಮುಖಗಳು ಇಳಿದು ಬಂದು ಸೇರುವ ಗೆರೆಯೇ ಬಾಯಿ. ಲೆಕ್ಕದ ಪುಸ್ತಕದಲ್ಲಿ ಗೆರೆಗೆ ಅಗಲವಿಲ್ಲವಾದರೂ ಉಕ್ಕಿನ ಗೆರೆಗೆ ಇದೆ, ಮತ್ತು ಹರಿತವೆಂಬುದು ಈ ಅಗಲ ಎಷ್ಟು ಕಿರಿದು ಎಂಬುದರ ಇನ್ನೊಂದು ಹೆಸರು. ಚೆನ್ನಾಗಿ ಮಸೆದ ಚಾಕುವಿನ ಬಾಯಿಯ ಅಗಲ ಒಂದು ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಅಂಥ ಬಾಯಿಯ ಐದು ಸೆಂಟಿಮೀಟರು ಉದ್ದದ ಮೇಲೆ ಒಂದು ಕಿಲೋ ತೂಕದಷ್ಟು ಭಾರ ಬಿಟ್ಟರೆ ಅದರ ಕೆಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 2000 ಪಟ್ಟು ಆಗುತ್ತದೆ. ಬಾಯಿ ಸವೆದು 10 ಮೈಕ್ರಾನಿಗೆ ಅಗಲಗೊಂಡರೆ ಅದೇ ಕೈಯ ಅದೇ ಭಾರಕ್ಕೆ ಒತ್ತಡ 200 ಪಟ್ಟಿಗೆ ಇಳಿಯುತ್ತದೆ. ಮೊಂಡು ಚಾಕುವಿನಲ್ಲಿ ಕೈ ಕೊಯ್ದುಕೊಳ್ಳುವವರೇ ಹೆಚ್ಚು ಎಂಬ ಮನೆಮಾತಿನ ಹಿಂದೆ ಇರುವುದು ಈ ಲೆಕ್ಕ: ಕಳೆದುಹೋದ ಒತ್ತಡವನ್ನು ತೋಳಿನ ಬಲದಿಂದ ತುಂಬಿಸಲು ಹೋದಾಗ ಅಲಗು ಜಾರಿದರೆ ಆ ಬಲವೆಲ್ಲ ಎಲ್ಲಿ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ಬಾಯಿಯಷ್ಟೇ ಮುಖ್ಯವಾದ, ಆದರೆ ಕೊಳ್ಳುವವರು ಸಾಮಾನ್ಯವಾಗಿ ನೋಡದ ಇನ್ನೊಂದು ಜಾಗವಿದೆ. ಅದು ಬಾಯಿಯ ಹಿಂದಿನ ಎರಡು ಮೂರು ಮಿಲಿಮೀಟರು. ಬಾಯಿ ಸೀಳಿದ ದಾರಿಯಲ್ಲಿ ಅಲಗಿನ ಉಳಿದ ದಪ್ಪವೂ ತೂರಿ ಹೋಗಬೇಕು. ಕೊಡಲಿ ಎಷ್ಟೇ ಹರಿತವಾಗಿದ್ದರೂ ಅದರಲ್ಲಿ ಈರುಳ್ಳಿ ಹೆಚ್ಚಲಾಗದಿರುವುದಕ್ಕೆ ಬಾಯಿ ಕಾರಣವಲ್ಲ, ಬಾಯಿಯ ಹಿಂದೆ ಬೆಣೆಯಂತೆ ದಪ್ಪಗಾಗುವ ಮೈ ಕಾರಣ. ನಾಲ್ಕು ಮಿಲಿಮೀಟರು ಬೆನ್ನಿನ ‘ಗಟ್ಟಿಮುಟ್ಟು’ ಚಾಕುವಿನಿಂದ ಗಜ್ಜರಿ ಕೊಯ್ದರೆ ಅದು ಅರ್ಧ ದಾರಿಯಲ್ಲಿ ಟಪ್ಪೆಂದು ಸೀಳಿಹೋಗುತ್ತದೆ. ಎರಡು ಮಿಲಿಮೀಟರು ಬೆನ್ನಿನ ಹಳೆಯ ಮಾದರಿಯ ಚಾಕು, ಅದಕ್ಕಿಂತ ಕಡಿಮೆ ಹರಿತವಿದ್ದಾಗಲೂ, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತದೆ.

ಒತ್ತುವ ಕೈ, ಎಳೆಯುವ ಕೈ

ಮಾಗಿದ ಟೊಮೆಟೊ ಹಣ್ಣಿನ ಮೇಲೆ ಚಾಕುವನ್ನು ನೇರವಾಗಿ ಒತ್ತಿದರೆ ಹಣ್ಣು ನಜ್ಜುಗುಜ್ಜಾಗುತ್ತದೆ, ಅದೇ ಚಾಕುವನ್ನು ಹಗುರವಾಗಿ ಎಳೆದರೆ ಸಿಪ್ಪೆ ಬಿಟ್ಟುಕೊಡುತ್ತದೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಇದರ ಹಿಂದಿನ ಕಾರಣವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹದೇವನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅಗರ್ ಎಂಬ ಮೆದು ಜೆಲ್ಲಿಯನ್ನು ತೆಳು ತಂತಿಯಿಂದ ಕತ್ತರಿಸಿ ವಿವರಿಸಿದರು. ಯಾವ ವಸ್ತುವಾದರೂ ತುಂಡಾಗುವುದು ಅದರ ಕಣಗಳು ಒಂದರಿಂದೊಂದು ದೂರ ಎಳೆಯಲ್ಪಟ್ಟಾಗ. ನೇರವಾಗಿ ಒತ್ತಿದಾಗ ಬಲದ ದೊಡ್ಡ ಪಾಲು ಬಾಯಿಯ ಸುತ್ತಲಿನ ಮೆದು ಭಾಗವನ್ನೆಲ್ಲ ಅಮುಕುವುದರಲ್ಲೇ ಕರಗಿ, ಎಳೆತ ಹುಟ್ಟುವ ಹೊತ್ತಿಗೆ ಹಣ್ಣು ಚಪ್ಪಟೆಯಾಗಿರುತ್ತದೆ. ಅಲಗನ್ನು ಅಡ್ಡಲಾಗಿ ಸರಿಸಿದಾಗ ಬಾಯಿಗೆ ತಾಗಿದ ಮೇಲ್ಪದರ ಅದರ ಜೊತೆಗೇ ಎಳೆದುಕೊಂಡು ಹೋಗಿ, ಒಳಗನ್ನು ಅಷ್ಟಾಗಿ ಅಮುಕದೆಯೇ, ಆ ಒಂದೇ ಗೆರೆಯಲ್ಲಿ ಮೊದಲ ಬಿರುಕು ಬಿಡುತ್ತದೆ.

ಈಳಿಗೆ ಮಣೆಯ ಅಲಗು ಬಾಗಿರುವುದರ ಗುಟ್ಟು ಇಲ್ಲಿದೆ. ತರಕಾರಿಯನ್ನು ನೇರವಾಗಿ ಮುಂದಕ್ಕೆ ತಳ್ಳಿದರೂ ಬಾಗಿದ ಬಾಯಿಯ ಮೇಲೆ ಅದು ಓರೆಯಾಗಿ ಸರಿಯುವುದರಿಂದ, ಒತ್ತುವ ಕೈಗೆ ಎಳೆಯುವ ಲಾಭ ಪುಕ್ಕಟೆಯಾಗಿ ಸಿಗುತ್ತದೆ. ರಾಗಿ ಕೊಯ್ಯುವ ಕುಡುಗೋಲಿಗೆ ಕಮ್ಮಾರ ಹಾಕುವ ಕಕ್ಕು, ಅಂದರೆ ಸಣ್ಣ ಹಲ್ಲುಗಳ ಸಾಲು, ಇದೇ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಸಾಣೆಕಲ್ಲಿನಿಂದ ಎದ್ದ ಚಾಕುವಿನ ಬಾಯಿಯಲ್ಲೂ ಕಣ್ಣಿಗೆ ಕಾಣದ ಕಕ್ಕು ಇರುತ್ತದೆ. ಕಲ್ಲಿನ ಹರಳುಗಳು ಬಿಟ್ಟ ಗೀರುಗಳೇ ಅದರ ಹಲ್ಲು. ಆದ್ದರಿಂದ ಹಗ್ಗ ಚೀಲಗಳ ಕೆಲಸಕ್ಕೆ ಕನ್ನಡಿಯಂತೆ ನುಣುಪು ಮಾಡಿದ ಬಾಯಿಗಿಂತ ತುಸು ತರಿಯಾದ ಬಾಯಿಯೇ ವಾಸಿ.

ಬಾಯಿ ಕೆಡುವ ಬಗೆಗಳು

ಒಂದು ಮೈಕ್ರಾನಿನ ಅಂಚನ್ನು ಉಕ್ಕಿನ ಗೋಡೆಯೆಂದು ಕಲ್ಪಿಸಿಕೊಳ್ಳುವುದಕ್ಕಿಂತ ಉಕ್ಕಿನ ಕಾಗದವೆಂದು ಕಲ್ಪಿಸಿಕೊಳ್ಳುವುದು ಸತ್ಯಕ್ಕೆ ಹತ್ತಿರ. ನೂಲು ನೇರವಾಗಿ ಎದುರು ಬಂದರೆ ಅಂಚು ಗೆಲ್ಲುತ್ತದೆ. ಪಕ್ಕದಿಂದ ತಳ್ಳಿದರೆ, ಉಕ್ಕು ಮೆದುವಾಗಿದ್ದಲ್ಲಿ ಆ ಕಾಗದ ಮಗುಚಿಕೊಳ್ಳುತ್ತದೆ. ಉಕ್ಕು ಬಿರುಸಾಗಿದ್ದಲ್ಲಿ ಅದರಿಂದ ಚೂರು ಹಾರುತ್ತದೆ. ಮಗುಚುವುದು ಮತ್ತು ಚೂರು ಹಾರುವುದು, ಇವೆರಡು ಬಾಯಿ ಕೆಡುವ ಮುಖ್ಯ ಬಗೆಗಳು.

ಅಮೆರಿಕದ ಎಂಐಟಿಯಲ್ಲಿ ರೊಸ್ಚಿಯೋಲಿ, ತಹೇರಿ-ಮೌಸವಿ ಮತ್ತು ತಸಾನ್ ಅವರು ಕ್ಷೌರದ ಬ್ಲೇಡು ಕೂದಲನ್ನು ಕತ್ತರಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೇ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಒಗಟಿನ ಬೀಗ ತೆರೆಯಿತು. ಕೂದಲು ಬ್ಲೇಡನ್ನು ಉಜ್ಜಿ ಸವೆಸುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಬಾಯಿಯಿಂದ ಪುಟ್ಟ ಚೂರನ್ನು ಕಿತ್ತು ತೆಗೆಯುತ್ತಿತ್ತು. ಅದಕ್ಕೆ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರಬೇಕಿತ್ತು: ಬ್ಲೇಡು ಕೂದಲಿಗೆ ಓರೆಯಾಗಿ ತಾಗಬೇಕು, ಆ ಜಾಗದ ಉಕ್ಕು ಒಂದೇ ಸಮನಾಗಿರದೆ ಗಟ್ಟಿ ಮತ್ತು ಮೆದು ಭಾಗಗಳು ಅಕ್ಕಪಕ್ಕದಲ್ಲಿರಬೇಕು, ಮತ್ತು ಕೂದಲು ಆ ಎರಡರ ಗಡಿಯ ಮೇಲೆಯೇ ಬೀಳಬೇಕು. ಆಗ ಒತ್ತಡವೆಲ್ಲ ಗಡಿಯಲ್ಲಿ ಗುಂಪುಗೂಡಿ ಬಿರುಕು ಹುಟ್ಟುತ್ತದೆ. ಹಳೆಯ ಬಟ್ಟೆ ಹರಿಯುವುದು ತೇಪೆ ಹಾಕಿದ ನಡುವಿನಲ್ಲಲ್ಲ, ತೇಪೆಯೂ ಬಟ್ಟೆಯೂ ಕೂಡುವ ಹೊಲಿಗೆಯಲ್ಲಿ, ಇದೂ ಹಾಗೆಯೇ. ಚಾಕು ಕೊಳ್ಳುವವರಿಗೆ ಈ ಅಧ್ಯಯನದಿಂದ ಸಿಗುವ ತಿಳಿವಳಿಕೆ ಸಣ್ಣದಲ್ಲ: ಉಕ್ಕು ಎಷ್ಟು ಗಟ್ಟಿ ಎಂಬುದರಷ್ಟೇ, ಅದು ಎಷ್ಟು ಸಮನಾಗಿ ಗಟ್ಟಿ ಎಂಬುದೂ ಎಣಿಕೆಗೆ ಬರುತ್ತದೆ.

ಬಯಲಿನ ಕೆಲಸದಲ್ಲಿ ಇನ್ನೆರಡು ಶತ್ರುಗಳು ಸೇರಿಕೊಳ್ಳುತ್ತವೆ. ಈ ಭಾಗದ ಕೆಮ್ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ, ಅದು ಚಾಕುವಿನ ಉಕ್ಕಿಗಿಂತ ಗಟ್ಟಿ. ಹೊಲದಲ್ಲಿ ಎಳೆದಾಡಿದ ಹಗ್ಗವನ್ನು ಕೊಯ್ಯುವುದೆಂದರೆ ಹಗ್ಗದ ಜೊತೆಗೆ ಮರಳನ್ನೂ ಕೊಯ್ದಂತೆ. ರಾಗಿ, ಜೋಳ, ಕಬ್ಬಿನಂಥ ಹುಲ್ಲಿನ ಜಾತಿಯ ಗಿಡಗಳು ನೆಲದಿಂದ ಸಿಲಿಕಾ ಎಂಬ ಮರಳಿನ ಸಾರವನ್ನು ಹೀರಿ ಗರಿ ಕಾಂಡಗಳಲ್ಲಿ ತುಂಬಿಟ್ಟುಕೊಳ್ಳುವುದರಿಂದ ಸುಗ್ಗಿಯಲ್ಲಿ ಕುಡುಗೋಲು ಬೇಗ ಮೊಂಡಾಗುತ್ತದೆ, ಕಬ್ಬಿನ ಗರಿ ಕೈ ಗೀರುತ್ತದೆ. ಮತ್ತೊಂದು ಶತ್ರು ಹುಳಿ. ನಿಂಬೆ, ಮಾವಿನಕಾಯಿ, ಹುಣಸೆ ಕೊಯ್ದು ಒರೆಸದೆ ಇಟ್ಟ ಅಲಗಿನಲ್ಲಿ ಮೊದಲು ಕರಗುವುದು ಅತಿ ತೆಳುವಾದ ಜಾಗ, ಅಂದರೆ ಬಾಯಿಯೇ. ಬಾಳೆಕಾಯಿ ದಾಳಿಂಬೆಗಳಿಂದ ಅಲಗು ಕಪ್ಪಾಗುವುದು ಮಾತ್ರ ತುಕ್ಕಲ್ಲ. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಆಗುವ ಬಣ್ಣ ಅದು. ಅಳಲೆಕಾಯಿಗೂ ಕಬ್ಬಿಣಕ್ಕೂ ಗಂಟು ಹಾಕಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಆ ಕಪ್ಪನ್ನು ಉಜ್ಜಿ ತೆಗೆಯುವ ಶ್ರಮ ದಂಡ, ಏಕೆಂದರೆ ಅದು ಅಡಿಯ ಉಕ್ಕನ್ನು ಅಷ್ಟಿಷ್ಟು ಕಾಯುತ್ತದೆ.

ಹದ

ಅಂಚು ಮಗುಚಬಾರದು, ಚೂರೂ ಹಾರಬಾರದು ಎಂಬ ಎರಡು ಬೇಡಿಕೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಇವುಗಳ ನಡುವಿನ ಒಪ್ಪಂದಕ್ಕೆ ಕಮ್ಮಾರರ ಬಾಯಲ್ಲಿ ಇರುವ ಹೆಸರು ಹದ. ಪಾಕಕ್ಕೂ ಮುದ್ದೆಗೂ ಚರ್ಮಕ್ಕೂ ಬಿತ್ತನೆಯ ನೆಲಕ್ಕೂ ಒಂದೇ ಪದವನ್ನು ಬಳಸುವ ಕನ್ನಡ ಉಕ್ಕಿಗೂ ಅದನ್ನೇ ಬಳಸಿರುವುದು ತೀರ ಸರಿಯಾಗಿದೆ, ಏಕೆಂದರೆ ಇಲ್ಲಿಯೂ ನಡೆಯುವುದು ಎಷ್ಟು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವ್ಯವಹಾರವೇ.

ಉಕ್ಕೆಂದರೆ ಅಲ್ಪ ಇಂಗಾಲ ಬೆರೆತ ಕಬ್ಬಿಣ. ಕಿಟಕಿ ಸರಳಿನ ಸಾದಾ ಕಬ್ಬಿಣದಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ, ಕಮ್ಮಾರರು ಮಚ್ಚು, ಕುಡುಗೋಲಿಗೆ ಬಯಸುವ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು 0.5ರಿಂದ 0.6, ಒಳ್ಳೆಯ ಜೇಬುಚಾಕುವಿನ ಸಾದಾ ಉಕ್ಕಿನಲ್ಲಿ 0.6ರಿಂದ 1. ಕುಲುಮೆಯಲ್ಲಿ ಅಲಗು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಕೆಂಪಗಾದಾಗ ಕಬ್ಬಿಣದ ಕಣಗಳು ತಮ್ಮ ಜೋಡಣೆ ಬದಲಿಸಿ ನಡುವೆ ಇಂಗಾಲಕ್ಕೆ ಜಾಗ ಬಿಡುತ್ತವೆ. ಆ ಶಾಖಕ್ಕೆ ಸ್ವಲ್ಪ ಮುಂಚೆ, 770 ಡಿಗ್ರಿಯ ಹತ್ತಿರ, ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುವುದರಿಂದ, ಬಣ್ಣವನ್ನು ನಂಬದವರು ಅಯಸ್ಕಾಂತ ಹಿಡಿದು ನೋಡುವುದೂ ಉಂಟು.

ಮುಂದಿನದನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಲಿಸಬಹುದು. ಸಂಜೆಯಾದಂತೆ ಜನ ನಿಧಾನವಾಗಿ ಚದುರಿದರೆ ಅವರವರ ಊರಿನವರು ಅವರವರ ಗಾಡಿಯ ಬಳಿ ಗುಂಪು ಸೇರುತ್ತಾರೆ, ನಡುವೆ ಓಡಾಡಲು ದಾರಿ ಬಿಡುತ್ತದೆ. ಕೆಂಪಗೆ ಕಾದ ಉಕ್ಕು ತಾನಾಗಿ ಆರಿದಾಗ ಇಂಗಾಲವೂ ಹೀಗೆಯೇ ಬೇರೆ ಪದರಗಳಾಗಿ ಸರಿದುಕೊಂಡು, ಕಬ್ಬಿಣದ ಪದರಗಳು ಒಂದರ ಮೇಲೊಂದು ಜಾರಲು ಅನುವಾಗಿ, ಉಕ್ಕು ಮೆದುವಾಗಿ ಉಳಿಯುತ್ತದೆ. ಅದೇ ಜಾತ್ರೆಯಲ್ಲಿ ಜನ ಚದುರುವ ಮೊದಲೇ ಸುತ್ತಲಿನ ಬೇಲಿಯನ್ನು ಥಟ್ಟನೆ ಒಳಕ್ಕೆ ಸರಿಸಿದರೆ ಇದ್ದವರು ಇದ್ದಲ್ಲೇ ಸಿಕ್ಕಿಕೊಂಡು ಯಾರೂ ಮಿಸುಕಲಾರರು. ಕೆಂಪು ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಆಗುವುದು ಇದು: ಹೊರಬರಲು ಹೊತ್ತು ಸಿಗದ ಇಂಗಾಲ ಕಬ್ಬಿಣದ ಜೋಡಣೆಯೊಳಗೆ ಸೆರೆಯಾಗಿ, ಪದರಗಳು ಜಾರದಂತೆ ತಡೆದು, ಉಕ್ಕನ್ನು ಅತಿ ಗಟ್ಟಿ ಮಾಡುತ್ತದೆ. ಮಿಸುಕಲಾಗದ್ದು ಬಾಗಲಾರದು, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಈ ಸ್ಥಿತಿಯ ಅಲಗು ಗಾಜಿನಂತೆ ಒಡೆದೀತು.

ಆದ್ದರಿಂದ ಎರಡನೆಯ ಬಾರಿ, ಈಗ ಹುಷಾರಾಗಿ, 200ರಿಂದ 250 ಡಿಗ್ರಿಯವರೆಗೆ ಮಾತ್ರ ಕಾಯಿಸಬೇಕಾಗುತ್ತದೆ. ಆಗ ಸೆರೆಯಾದ ಇಂಗಾಲದಲ್ಲಿ ಒಂದು ಪಾಲು ಮಾತ್ರ ಬಿಡಿಸಿಕೊಂಡು ಉಕ್ಕಿನ ಬಿಗು ತುಸು ಸಡಿಲುತ್ತದೆ. ಉಜ್ಜಿ ಹೊಳಪು ಬರಿಸಿದ ಅಲಗಿನ ಮೇಲೆ ಈ ಹಂತವನ್ನು ಕಣ್ಣಾರೆ ಕಾಣಬಹುದು: ಬೆಳ್ಳಿಯ ಬಣ್ಣದ ಮೇಲೆ ಮೊದಲು ಒಣಹುಲ್ಲಿನ ತೆಳು ಹಳದಿ ಹಬ್ಬುತ್ತದೆ, ಅದು ಕಂದಾಗುತ್ತದೆ, ನೇರಳೆಗೆ ತಿರುಗುತ್ತದೆ, 300 ಡಿಗ್ರಿಯ ಹೊತ್ತಿಗೆ ನವಿಲುಗರಿಯ ನೀಲಿಯಾಗುತ್ತದೆ. ಚಾಕುವಿನ ಬಾಯಿಗೆ ಹುಲ್ಲಿನ ಹಳದಿಯಲ್ಲಿ ಬೆಂಕಿಯಿಂದ ಈಚೆ ತೆಗೆಯಬೇಕು. ನೀಲಿ ಸ್ಪ್ರಿಂಗಿನ ಹದ. ಮಡಿಸುವ ಚಾಕುವಿನಲ್ಲಿ ಅಲಗು ಒಂದು, ಸ್ಪ್ರಿಂಗು ಒಂದು ಇರುವುದರಿಂದ ಒಂದೇ ಹಿಡಿಯೊಳಗೆ ಎರಡು ಹದಗಳು ಮನೆಮಾಡಿರುತ್ತವೆ.

ಈ ವಿದ್ಯೆ ಇಲ್ಲಿಗೆ ಹೊರಗಿನಿಂದ ಬಂದದ್ದಲ್ಲ. 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಮಾಗಡಿ ಸೀಮೆಯ ಘಟ್ಟಿಪುರದಲ್ಲಿ, ಮಣ್ಣಿನ ಪುಟ್ಟ ಮೂಸೆಗಳಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನು ಇಟ್ಟು ಮುಚ್ಚಿ, ತಿದಿಯೊತ್ತಿ ಕಾಯಿಸಿ ಉಕ್ಕು ಮಾಡುವುದನ್ನು ಫ್ರಾನ್ಸಿಸ್ ಬುಕಾನನ್ 1800ರ ತನ್ನ ಮೈಸೂರು ಸೀಮೆಯ ಪ್ರವಾಸದಲ್ಲಿ ದಾಖಲಿಸಿದ್ದಾನೆ. ಕಡ್ಡಿ ಸುಟ್ಟು ಇಂಗಾಲವಾಗಿ, ಆ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಇಂಥ ಮೂಸೆಯುಕ್ಕಿಗೆ ಯುರೋಪಿನಲ್ಲಿ ಬಿದ್ದ ‘ವೂಟ್ಜ್’ ಎಂಬ ಹೆಸರು ‘ಉಕ್ಕು’ ಎಂಬ ಕನ್ನಡ ಪದದ ಅಪಭ್ರಂಶವೆಂಬುದು ಬಹುತೇಕ ವಿದ್ವಾಂಸರು ಒಪ್ಪುವ ವಿವರಣೆ. ಮುಂಬಯಿಯಿಂದ ಹೋದ ಅದರ ಗಟ್ಟಿಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದನು. ಅದೇ ಊರಿನ ಚಾಕು ತಯಾರಕ ಜೇಮ್ಸ್ ಸ್ಟೋಡರ್ಟ್ ತನ್ನ ಅಂಗಡಿಯ ಚೀಟಿಯಲ್ಲಿ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ತನಗೆ ಮೆಚ್ಚು ಎಂದು ಅಚ್ಚು ಹಾಕಿಸಿದ್ದನು.

ಬೀಗವಿಲ್ಲದ ಕೀಲು

ಹಳೆಯ ಮಾದರಿಯ ಜೇಬುಚಾಕುವಿಗೆ ಬೀಗವಿಲ್ಲ, ಗುಂಡಿಯಿಲ್ಲ. ಉಗುರು ಸಿಕ್ಕಿಸಿ ಎಳೆಯಲು ಅಲಗಿನಲ್ಲೊಂದು ಗೀರು, ಕೀಲಿಗೊಂದು ಮೊಳೆ, ಹಿಡಿಯ ಬೆನ್ನಿನುದ್ದಕ್ಕೂ ಒಂದು ಸ್ಪ್ರಿಂಗ್ ಪಟ್ಟಿ, ಇಷ್ಟೇ ಅದರ ಯಂತ್ರ. ಆದರೂ ತೆರೆದ ಅಲಗು ತೆರೆದಲ್ಲಿ, ಮಡಿಸಿದ ಅಲಗು ಮಡಿಸಿದಲ್ಲಿ ನಿಲ್ಲುತ್ತದೆ. ಸೈಕಲ್ಲಿನ ಸ್ಟ್ಯಾಂಡು ಕಾಲಿನಿಂದ ತಳ್ಳಿದಾಗ ಒಂದು ಹಂತದವರೆಗೆ ಎದುರು ನಿಂತು, ಅದನ್ನು ದಾಟಿದ ಕೂಡಲೇ ತಾನೇ ಆಚೆಗೆ ಹಾರಿ ಕುಳಿತುಕೊಳ್ಳುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲಗಿನ ಬುಡವನ್ನು ಹೆಚ್ಚುಕಡಿಮೆ ಚೌಕಾಕಾರದಲ್ಲಿ ಕಡೆದಿರುತ್ತಾರೆ. ಚೌಕದ ಮಟ್ಟಸ ಬದಿ ಸ್ಪ್ರಿಂಗಿಗೆ ಒರಗಿದಾಗ ಸ್ಪ್ರಿಂಗು ನೆಮ್ಮದಿಯಾಗಿರುತ್ತದೆ. ಅಲಗು ತಿರುಗಿ ಚೌಕದ ಮೂಲೆ ಎದುರಾದಾಗ ಸ್ಪ್ರಿಂಗು ಮೇಲಕ್ಕೆ ಬಾಗಬೇಕಾಗುತ್ತದೆ. ಮೂಲೆ ದಾಟಿದ ಮರುಕ್ಷಣ ಸ್ಪ್ರಿಂಗು ಮುಂದಿನ ಮಟ್ಟಸ ಬದಿಯ ಮೇಲೆ ಬೀಳುವ ಸದ್ದೇ ಆ ‘ಟಕ್’.

ಈ ಕೀಲಿನ ಇತಿಮಿತಿ ಅದರ ರಚನೆಯಲ್ಲೇ ಇದೆ. ಬಾಯಿಯಿಂದ ಕೊಯ್ಯುವಾಗ ವಸ್ತು ಅಲಗನ್ನು ತೆರೆದ ದಿಕ್ಕಿಗೇ ತಳ್ಳುವುದರಿಂದ ಯಾವ ಅಪಾಯವೂ ಇಲ್ಲ. ಮೊನೆಯಿಂದ ಚುಚ್ಚಿದರೆ, ಡಬ್ಬದ ಮುಚ್ಚಳ ಮೀಟಿದರೆ ಅಥವಾ ಬೆನ್ನಿನಿಂದ ಬಡಿದರೆ ಬಲ ತಿರುಗುಮುರುಗಾಗಿ, ಅಲಗು ಬೆರಳುಗಳ ಮೇಲೆ ಮಡಿಸಿಕೊಳ್ಳುತ್ತದೆ. ಚುಚ್ಚುವ ಕೆಲಸ ಹೆಚ್ಚಿರುವವರಿಗೆ ಬೀಗವಿರುವ ಚಾಕುವೇ ಸರಿ. ಫ್ರಾನ್ಸಿನ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ರೈತಚಾಕುವಿಗೆ 1955ರಲ್ಲಿ ಸೇರಿಸಿದ ತಿರುಗುವ ಉಂಗುರ ಅಂಥ ಬೀಗಗಳಲ್ಲಿ ಅತಿ ಸರಳವಾದದ್ದು. ಅದರಲ್ಲೂ ಒಂದು ತೊಡಕಿದೆ: ಮಳೆಯಲ್ಲಿ ನೆನೆದರೆ ಮರ ಉಬ್ಬಿ ಅಲಗು ಹೊರಬರಲು ಹಟ ಮಾಡುತ್ತದೆ.

ಅಂಗಡಿಯ ಮುಂದೆ

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಬಾಯಿ ಆರರಿಂದ ಎಂಟು ಸೆಂಟಿಮೀಟರು ಇದ್ದರೆ ಮೇಲೆ ಹೇಳಿದ ಎಲ್ಲ ಕೆಲಸಕ್ಕೂ ಸಾಕು. ಅದಕ್ಕಿಂತ ಉದ್ದವಾದದ್ದು ಜೇಬಿಗೆ ಭಾರ, ಪೊಲೀಸರ ಕಣ್ಣಿಗೆ ಅನುಮಾನ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಮನೆಗೆಲಸ ಬೇಸಾಯ ಮೊದಲಾದವುಗಳಿಗೆಂದೇ ಮಾಡಿದವನ್ನು ಬಿಟ್ಟು, ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಅಂದ ಮೇಲೆ ಪುಟ್ಟ ಚಾಕು ಆ ಪಟ್ಟಿಯಿಂದ ದೂರವೇ ಉಳಿಯುತ್ತದೆ, ಆದರೂ ಪಕ್ಕದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೈಚೀಲದೊಳಗೆ ಅದಕ್ಕೆ ಪ್ರವೇಶವಿಲ್ಲ.

ಅಲಗನ್ನು ಮೊನೆಯ ಕಡೆಯಿಂದ ನೋಡಿ, ಬೆನ್ನಿನಿಂದ ಬಾಯಿಯವರೆಗೆ ಒಂದೇ ಸಮನೆ ತೆಳುವಾಗುತ್ತ ಬರುವುದನ್ನು ಆರಿಸಬೇಕು. ಕೊನೆಯ ಎರಡು ಮಿಲಿಮೀಟರಿನಲ್ಲಿ ಮಾತ್ರ ಥಟ್ಟನೆ ಇಳಿಜಾರಾಗಿರುವ ಅಲಗು ಕೊಡಲಿಯ ತಮ್ಮ. ಅನಂತರ ಚಾಕುವನ್ನು ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ಹಿಡಿಯ ಪಟ್ಟಿಗಳಿಗೂ ನಡುವೆ ಬೆಳಕು ತೂರುತ್ತದೆಯೇ, ತೆರೆದ ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆಯೇ ಎಂದು ನೋಡಬೇಕು. ಸಂದಿಯಿದ್ದಲ್ಲಿ ಧೂಳು ಸೇರುತ್ತದೆ, ಸಡಿಲವಿದ್ದಲ್ಲಿ ಸಡಿಲ ಬೆಳೆಯುತ್ತದೆ. ಉಗುರು ಮುರಿಯುವಷ್ಟು ಬಿಗಿಯಾದ ಸ್ಪ್ರಿಂಗನ್ನು ಗಟ್ಟಿತನವೆಂದು ಹೊಗಳುವ ಅಂಗಡಿಯವರ ಮಾತನ್ನು ನಂಬುವ ಅಗತ್ಯವಿಲ್ಲ.

ಉಕ್ಕಿನ ಪರೀಕ್ಷೆಗೆ ಎರಡು ಸಾಮಾನು ಸಾಕು. ಜೇಬಿನಲ್ಲಿ ಒಯ್ದ ಪುಟ್ಟ ಅಯಸ್ಕಾಂತ ಅಲಗಿಗೆ ಅಂಟದಿದ್ದರೆ ಅದು ಪಾತ್ರೆಯ ಜಾತಿಯ ಸ್ಟೇನ್‌ಲೆಸ್ ಉಕ್ಕು, ಕಾಯಿಸಿ ಅದ್ದಿದರೂ ಗಟ್ಟಿಯಾಗದಂಥದ್ದು; ಅಲ್ಲಿಯೇ ಬಿಟ್ಟು ಬರಬೇಕು. ಅಂಟಿತೆಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ, ಏಕೆಂದರೆ ಸಾದಾ ಕಬ್ಬಿಣವೂ ಅಂಟುತ್ತದೆ. ಎರಡನೆಯದು ಅರ. ಅಂಗಡಿಯವರು ಒಪ್ಪಿದರೆ ಅಲಗಿನ ಬುಡದ ಹತ್ತಿರ, ಕಾಣದ ಮೂಲೆಯಲ್ಲಿ, ಸಣ್ಣ ಅರವನ್ನು ಮೆಲ್ಲಗೆ ಆಡಿಸಿದಾಗ ಅದು ಬೆಣ್ಣೆಯಲ್ಲಿಳಿದಂತೆ ಕಚ್ಚಿದರೆ ಉಕ್ಕು ಮೆದು; ಗಾಜಿನ ಮೇಲೆ ಜಾರಿದಂತೆ ಪೂರ್ತಿ ಜಾರಿದರೆ ಅತಿ ಬಿರುಸು; ಜಾರುತ್ತ ಜಾರುತ್ತ ತುಸು ಕಚ್ಚಿದರೆ ಹದ ಸರಿಯಾಗಿದೆ.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಮೇಲೋ ಸಾದಾ ಉಕ್ಕು ಮೇಲೋ ಎಂಬ ವಾದಕ್ಕೆ ಕೊನೆಯಿಲ್ಲ. ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿದಾಗ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ರಕ್ಷಾಪದರ ಮೂಡಿ ತುಕ್ಕು ದೂರವಾಗುವುದು ನಿಜ. ಆದರೆ ಕ್ರೋಮಿಯಂ ಇಂಗಾಲದೊಡನೆ ಕೂಡಿ ಅತಿ ಗಟ್ಟಿಯಾದ ಹರಳುಗಳಾಗುವುದೂ ಉಂಟು, ಹರಳು ದಪ್ಪವಾದರೆ ಎಂಐಟಿಯವರು ಕಂಡ ಗಟ್ಟಿ-ಮೆದುಗಳ ಗಡಿ ಬಾಯಿಯಲ್ಲೇ ಬಂದು ಕೂರುತ್ತದೆ. ದಿನವೂ ಹಣ್ಣು, ನೀರು, ಬೆವರು ಸೋಕುವ ಕೈಗೆ, ಒರೆಸುವ ಅಭ್ಯಾಸವಿಲ್ಲದಿದ್ದರೆ, ಸ್ಟೇನ್‌ಲೆಸ್ಸೇ ಇರಲಿ. ದಾರ, ಹಗ್ಗ, ಕಡ್ಡಿಗಳ ಕೆಲಸಕ್ಕೆ ಮತ್ತು ಸಾಣೆಕಲ್ಲು ಮುಟ್ಟುವವರಿಗೆ ಸಾದಾ ಉಕ್ಕಿನಷ್ಟು ಸ್ನೇಹಪರವಾದದ್ದು ಬೇರೆಯಿಲ್ಲ. ಕೀಲಿಗೆ ಬಿಡುವ ಎಣ್ಣೆಯ ವಿಷಯದಲ್ಲಿ ದೊಡ್ಡಬಳ್ಳಾಪುರದವರಿಗೆ ಚಿಂತೆಯಿಲ್ಲ, ಮಗ್ಗದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಮಾಗಿಯ ಬೆಳಗಿನಲ್ಲಿ ಕೀಲು ಬಿಗಿಯುತ್ತದೆ. ಹಲಸು ಕೊಯ್ಯುವ ಮುನ್ನ ಅಲಗಿಗೆ ಸವರುವುದಕ್ಕೆ ಮಾತ್ರ ಅಡುಗೆಯ ಎಣ್ಣೆಯೇ ಬೇಕು, ಅದು ಹಲಸಿನ ಮೇಣ ಉಕ್ಕಿಗೆ ಅಂಟದಂತೆ ನಡುವೆ ನಿಲ್ಲುತ್ತದೆ.

ಸಾಣೆ

ಬೀದಿಯಲ್ಲಿ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವವರ ಮುಂದೆ ಮಕ್ಕಳು ನಿಂತು ನೋಡುವ ಕಿಡಿಗಳ ಮಳೆ, ಅಲಗಿನಿಂದ ಕಿತ್ತುಹೋದ ಉಕ್ಕಿನ ಪುಡಿ ಗಾಳಿಯಲ್ಲಿ ಉರಿಯುವ ಬೆಳಕು. ಪುಡಿ ಉರಿಯುವಷ್ಟು ಬಿಸಿಯಾದರೆ ಅದು ಬಿಟ್ಟುಹೋದ ಬಾಯಿ ಎಷ್ಟು ಕಾದಿರಬೇಕು? ಅಲಗಿನ ಬೆನ್ನು ಬೆಚ್ಚಗೂ ಆಗಿರದ ಹೊತ್ತಿನಲ್ಲಿ, ಶಾಖವನ್ನು ಹಂಚಿಕೊಳ್ಳಲು ಮೈಯಿಲ್ಲದ ತೆಳು ಬಾಯಿ 300 ಡಿಗ್ರಿ ದಾಟಿಬಿಡಬಹುದು. ಚಾಕು ಮರಳಿ ಕೈಗೆ ಬಂದಾಗ ಬಾಯಿಯುದ್ದಕ್ಕೂ ಕೂದಲೆಳೆಯಷ್ಟು ಅಗಲದ ನೀಲಿ ಗೆರೆ ಕಂಡರೆ, ಅಲ್ಲಿ ಹುಲ್ಲಿನ ಹಳದಿಯ ಹದ ಸ್ಪ್ರಿಂಗಿನ ನೀಲಿಗೆ ಇಳಿದಿದೆ. ಆ ದಿನ ಹರಿತವೆನಿಸಿದರೂ ವಾರದೊಳಗೆ ಬಾಯಿ ಮಗುಚುತ್ತದೆ. ನೀರು ತೊಟ್ಟಿಕ್ಕಿಸಿಕೊಂಡು, ಕ್ಷಣ ಕ್ಷಣಕ್ಕೂ ಅಲಗನ್ನು ತೇಲಿಸಿ ಹಿಡಿಯುವ ಸಾಣೆಯವರಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಜೇಬುಚಾಕುವಿಗೆ ಅಷ್ಟು ದೂರ ಹೋಗುವ ಅಗತ್ಯ ಅಪರೂಪ. ನೆನೆಸಿದ ಸಾಣೆಕಲ್ಲಿನ ಮೇಲೆ ಅಲಗನ್ನು ಮಲಗಿಸಿ, ಒಂದೂವರೆ ಸೆಂಟಿಮೀಟರು ಅಗಲದ ಅಲಗಾದರೆ ಮೂರು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತರಕ್ಕೆ ಬೆನ್ನನ್ನು ಎತ್ತಿ ಹಿಡಿದರೆ ಇಳಿಜಾರು 15ರಿಂದ 20 ಡಿಗ್ರಿಯೊಳಗೆ ಬರುತ್ತದೆ. ಒಂದು ಬದಿಯನ್ನು ಸಾಕಷ್ಟು ಮಸೆದಾಗ ಎದುರು ಬದಿಯಲ್ಲಿ ಬೆರಳಿಗೆ ತರಿತರಿಯಾಗಿ ತಾಗುವ ತೆಳು ಉಕ್ಕಿನ ಎಳೆಯೊಂದು ಏಳುತ್ತದೆ. ಅದನ್ನು ತಂತಿಯಂಚು ಎನ್ನಬಹುದು. ಅದು ಎದ್ದರೆ ಎರಡು ಮುಖಗಳೂ ಗೆರೆಯಲ್ಲಿ ಕೂಡಿವೆ ಎಂದರ್ಥ. ಇನ್ನೊಂದು ಬದಿಯನ್ನೂ ಅಷ್ಟೇ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬಾಯಿ ಹಿಂದಾಗುವಂತೆ ಹತ್ತಾರು ಸಲ ಎಳೆದರೆ ಆ ಎಳೆ ಉದುರುತ್ತದೆ.

ಕೆಲಸ ಮುಗಿಯಿತೇ ಎಂದು ತಿಳಿಯಲು ಬೆರಳನ್ನು ಅಪಾಯಕ್ಕೆ ಒಡ್ಡಬೇಕಾಗಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿದು, ಬುಡದಿಂದ ಮೊನೆಯವರೆಗೆ ನಿಧಾನವಾಗಿ ಓರೆಗೊಳಿಸುತ್ತ ನೋಡಬೇಕು. ಬೆಳಕಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರಾನ್. ಆ ಸಮಕ್ಕೆ ಬಂದ ಬಾಯಿಯಲ್ಲಿ ಬೆಳಕನ್ನು ಕಣ್ಣಿನತ್ತ ತಿರುಗಿಸುವಷ್ಟು ಅಗಲ ಉಳಿದಿರುವುದಿಲ್ಲವಾದ್ದರಿಂದ ಅದು ಬರಿಯ ಕಪ್ಪು ಗೆರೆಯಾಗಿ, ಇದ್ದೂ ಇಲ್ಲದಂತೆ ಕಾಣುತ್ತದೆ. ಎಲ್ಲಾದರೂ ಒಂದು ಬಿಳಿ ಚುಕ್ಕೆ ಮಿನುಗಿದರೆ ಅಲ್ಲಿ ಅಂಚು ಮಗುಚಿದೆ ಅಥವಾ ಚೂರು ಹಾರಿದೆ. ಅಷ್ಟು ಜಾಗವನ್ನು ಮಾತ್ರ ಮತ್ತೆ ಕಲ್ಲಿಗೆ ಕೊಟ್ಟು, ಚುಕ್ಕೆ ಅಳಿದ ಮೇಲೆ ಚಾಕುವನ್ನು ಒರೆಸಿ ಮಡಿಸಬಹುದು.